ಮುತ್ಯಾನ ಅಂಗೈ ಕೆಳಗಿನ ಕೈ

"ನಿಮ್ಮ ಬಗ್ಗೆ ನಾಲ್ಕು ಮಾತು ಹೇಳಿ" ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಆ ಒಂದು ಪ್ರಶ್ನೆಗೆ ಉತ್ತರ ಕಲಿಯಲು ನಾನು ಪಟ್ಟ ಪಾಡು ನಮ್ಮ ಓಣಿಗೆಲ್ಲ ಗೊತ್ತು. ಬಸವಕಲ್ಯಾಣದ ನಮ್ಮ ಕಿರಾಣಿ ಅಂಗಡಿಯಲ್ಲಿ, ತಕ್ಕಡಿಯ ಪಕ್ಕ ನಿಂತು, ಗಿರಾಕಿಗಳ ಎದುರಿಗೇ ಅದನ್ನು ಒಪ್ಪಿಸುತ್ತಿದ್ದೆ. ಕೊನೆಕೊನೆಗೆ ಸಕ್ಕರೆ ಒಯ್ಯಲು ಬಂದವರೂ ನಾನು ತಡವರಿಸಿದರೆ ಮುಂದಿನ ಸಾಲು ತಾವೇ ಹೇಳಿಕೊಡುತ್ತಿದ್ದರು.

ವಿಷಯ ಇಷ್ಟೇ. ನನ್ನ ಪಿಯುಸಿ ಮುಗಿದಿತ್ತು. ಹುಮನಾಬಾದಿನ ಒಂದು ಫಿಜಿಯೋಥೆರಪಿ ಕಾಲೇಜಿನಲ್ಲಿ ಉಳಿದ ಕೆಲವೇ ಸೀಟುಗಳಿಗೆ ಸಂದರ್ಶನ ಕರೆದಿದ್ದರು. ಹುಮನಾಬಾದ್ ಆದರೆ ಮುಂಜಾನೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರಬಹುದು. ಅದಕ್ಕಿಂತ ದೂರ ಕಳಿಸುವುದಿಲ್ಲವೆಂದು ಅವ್ವ ಖಡಾಖಂಡಿತ ಹೇಳಿಬಿಟ್ಟಿದ್ದಳು. ಈ ಸೀಟು ಸಿಕ್ಕರೆ ಫಿಜಿಯೋ, ಸಿಗದಿದ್ದರೆ ಊರಲ್ಲೇ ಬಿ.ಎ., ಬಿಡುವಿನಲ್ಲಿ ಅಂಗಡಿ. ಬಿ.ಎ. ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ನನಗೆ ಬೇಕಾಗಿದ್ದದ್ದು ಇದೇ ಆಗಿತ್ತು, ಮತ್ತು ಬೇಕಾದದ್ದು ಸಿಗದಿದ್ದರೆ ನಾನು ಮನೆಯವರಿಗೆಲ್ಲ ಎಷ್ಟು ತಲೆನೋವಾಗಬಲ್ಲೆ ಎಂಬುದು ಮನೆಯವರಿಗೆ ಗೊತ್ತಿತ್ತು.

ಯಾಕೆ ಅದೇ ಬೇಕು ಎಂದರೆ, ಮುತ್ಯಾನ ಕಾರಣಕ್ಕೆ. ಮುತ್ಯಾ ಎಂದರೆ ನಮ್ಮ ಅಪ್ಪನ ಅಪ್ಪ. ಹಿಂದಿನ ವರ್ಷ ಅವನಿಗೆ ಲಕ್ವಾ ಹೊಡೆದು ಎಡಭಾಗ ಬಿದ್ದುಹೋಗಿತ್ತು. ಬಾಯಿಗೆ ಮಾತ್ರ ಏನೂ ಆಗಿರಲಿಲ್ಲ, ಬೈಗುಳ ಮೊದಲಿನಷ್ಟೇ ಸ್ಪಷ್ಟ. ಹುಮನಾಬಾದಿನ ದವಾಖಾನೆಗೆ ವಾರಕ್ಕೊಮ್ಮೆ ಕರೆದೊಯ್ಯುತ್ತಿದ್ದೆವು. ಅಲ್ಲಿ ಫಿಜಿಯೋ ಮೇಡಂ ಒಬ್ಬರಿದ್ದರು, ನನಗಿಂತ ಸಣ್ಣ ಆಳು. ಅವರು ಎರಡು ಕಬ್ಬಿಣದ ಸರಳಿನ ನಡುವೆ ಮುತ್ಯಾನನ್ನು ನಿಲ್ಲಿಸಿದ ದಿನ ನಾನು ಬಾಗಿಲಲ್ಲಿ ನಿಂತು ನೋಡಿದ್ದೆ. ಮುತ್ಯಾ ಅವರನ್ನು ಬೈಯುತ್ತಲೇ ಒಂದು ಹೆಜ್ಜೆ ಇಟ್ಟ. ಮನೆಗೆ ಬರುವಷ್ಟರಲ್ಲಿ ನಾನು ಏನಾಗಬೇಕೆಂದು ತೀರ್ಮಾನವಾಗಿತ್ತು.

ಆ ಮೇಡಂ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದರು. "ಅವರ ಕೆಲಸ ಅವರಿಗೇ ಮಾಡಾಕ ಬಿಡ್ರಿ." ನಾವೆಲ್ಲ ತಲೆ ಅಲ್ಲಾಡಿಸುತ್ತಿದ್ದೆವು. ತಲೆ ಅಲ್ಲಾಡಿಸಿ, ಮುತ್ಯಾನ ಕಾಲಿಗೆ ಚಪ್ಪಲಿ ನಾವೇ ಹಾಕಿ, ಗುಂಡಿ ನಾವೇ ಹಾಕಿ, ಆಟೋ ಹತ್ತಿಸಿ ಕರೆತರುತ್ತಿದ್ದೆವು. ನಮ್ಮ ಮನೆಯಲ್ಲಿ ಹಿರಿಯರು ಕೈ ಚಾಚುವ ಮೊದಲೇ ಲೋಟ ಕೈಗೆ ಬರಬೇಕು. ಅವರು ಏಳಲು ಹೊರಟರೆ ಇಬ್ಬರು ಓಡಿಬರಬೇಕು. ಇದನ್ನು ಯಾರೂ ಕಲಿಸುವುದಿಲ್ಲ, ಹುಟ್ಟಿನಿಂದಲೇ ಬಂದಿರುತ್ತದೆ. ಮುತ್ಯಾ ಕೆಮ್ಮಿದರೆ ನೀರು ಹಿಡಿದು ಪಕ್ಕದ ಮನೆಯವರೂ ಬರುತ್ತಿದ್ದರು.

ಎಲ್ಲಕ್ಕಿಂತ ಕಷ್ಟದ್ದು ಲಿಂಗಪೂಜೆ. ಪೂಜೆಯಾಗದೆ ಮುತ್ಯಾ ಬಾಯಿಗೆ ಒಂದು ಗುಟುಕು ಚಹಾ ಹಾಕಿದವನಲ್ಲ. ಸ್ನಾನ ಮಾಡಿ, ಕೊರಳ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈ ಮೇಲೆ ಇಟ್ಟುಕೊಳ್ಳಬೇಕು. ಆ ಕೈಯನ್ನು ಎದೆಯ ಮಟ್ಟಕ್ಕೆ ಹಿಡಿದು, ಬಲಗೈಯಿಂದ ವಿಭೂತಿ ಹಚ್ಚಿ, ಪತ್ರಿ ಏರಿಸಿ, ದೃಷ್ಟಿ ಕದಲಿಸದೆ ನೋಡುತ್ತ ಕೂರಬೇಕು. ಲಕ್ವಾ ಹೊಡೆದದ್ದು ಸರಿಯಾಗಿ ಆ ಎಡಗೈಗೇ. ಲಿಂಗ ಜಾರಿ ನೆಲಕ್ಕೆ ಬೀಳುವುದೆಂದರೆ ನಮ್ಮಲ್ಲಿ ಬಾಯಲ್ಲಿ ಆಡುವ ಮಾತೂ ಅಲ್ಲ. ಹಾಗಾಗಿ ಮನೆಯ ಒಬ್ಬರು ಸ್ನಾನ ಮಾಡಿ, ಮುತ್ಯಾನ ಎಡಕ್ಕೆ ಕೂತು, ಅವನ ಅಂಗೈ ಕೆಳಗೆ ತಮ್ಮ ಅಂಗೈ ಇಟ್ಟು ಎತ್ತಿ ಹಿಡಿಯಬೇಕಿತ್ತು. ಅವ್ವನಿಗೆ ರೊಟ್ಟಿ, ಅಪ್ಪನಿಗೆ ಅಂಗಡಿ. ಉಳಿದವಳು ನಾನು.

ಮೊದಮೊದಲು ತೋಳು ಸೋತು ಬೀಳುವಷ್ಟು ನೋಯುತ್ತಿತ್ತು. ಆಮೇಲೆ ರೂಢಿಯಾಯಿತು. ಮುತ್ಯಾನ ಕೈಯ ಭಾರ, ನನ್ನ ಕೈಯ ಬಿಸಿ, ವಿಭೂತಿಯ ವಾಸನೆ, ಒಳಗೆ ಅವ್ವ ರೊಟ್ಟಿ ಬಡಿಯುವ ಸದ್ದು. ಮುತ್ಯಾ ಬೈಯದೆ ಸುಮ್ಮನಿರುತ್ತಿದ್ದದ್ದು ದಿನದಲ್ಲಿ ಅಷ್ಟು ಹೊತ್ತು ಮಾತ್ರ. ನನಗೂ ಅದು ಹಿಡಿಸಿತ್ತು ಅಂತಲೇ ಹೇಳಬೇಕು.

ಸಂದರ್ಶನದ ಮೆಸೇಜು ಬಂದ ದಿನದಿಂದ ಅಪ್ಪನಿಗೆ ಹುಚ್ಚು ಹಿಡಿಯಿತು. ಸಂದರ್ಶನದಲ್ಲಿ ಗೆಲ್ಲುವುದು ಹೇಗೆ ಎಂಬ ವಿಡಿಯೋಗಳನ್ನು ಒಂದಾದ ಮೇಲೊಂದು ನೋಡಿದ. ಅಂಗಡಿಯ ಗಲ್ಲಾದ ಹಿಂದೆ ಕುರ್ಚಿ ಹಾಕಿಕೊಂಡು, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಸಾಹೇಬನಾದ. ಪಕ್ಕದ ಅಂಗಡಿಯ ದರ್ಜಿ ಚಾಚಾ ಎರಡನೆಯ ಸಾಹೇಬರು. ಅವರು ದಿನಾ ಸಂಜೆ ಚಹಾಕ್ಕೆ ನಮ್ಮ ಬೆಂಚಿಗೆ ಬರುವವರು, ಆ ದಿನಗಳಲ್ಲಿ ಚಹಾ ಮುಗಿದರೂ ಏಳುತ್ತಿರಲಿಲ್ಲ.

"ಫಿಜಿಯೋಥೆರಪಿ ಯಾಕ ಆರಿಸಿಕೊಂಡಿ?" ಅಪ್ಪನ ಮೊದಲ ಸವಾಲು.

"ಜನಸೇವೆ ಮಾಡಬೇಕೆಂಬುದು ನನ್ನ ಬಾಲ್ಯದ ಕನಸು," ಎಂದು ನಾನು ಶುರು ಮಾಡುತ್ತಿದ್ದೆ. ಇದು ವಿಡಿಯೋದವರು ಹೇಳಿಕೊಟ್ಟ ಉತ್ತರ. ನನ್ನ ಬಾಲ್ಯದ ಕನಸು ಬಸ್ ಕಂಡಕ್ಟರ್ ಆಗುವುದಾಗಿತ್ತು.

"ಕೈ ಮಾಡಿ ಹೇಳು," ಎಂದು ಅಪ್ಪ ತಡೆಯುತ್ತಿದ್ದ. "ಕೈ ಕಟ್ಟಿಕೊಂಡು ನಿಂತ್ರ ಅಂಜ್ಯಾಳ ಅಂತಾರ. ಏನ ಕೇಳಿದ್ರೂ ಎರಡೂ ಕೈಲೆ ತೋರ್ಸಿ ಹೇಳಬೇಕು." ಇದೂ ವಿಡಿಯೋದ ಉಪದೇಶವೇ. ಹೀಗೆ ಎಲ್ಲ ಉತ್ತರಕ್ಕೂ ಕೈ ಆಡಿಸಿ ಆಡಿಸಿ, ಅವ್ವ ಊಟಕ್ಕೇನು ಎಂದು ಕೇಳಿದರೂ ನನ್ನ ಎರಡೂ ಕೈ ತಾವಾಗಿಯೇ ಮೇಲೇಳುವಂತಾಯಿತು.

ಚಾಚಾ ನನಗೆ ಧೈರ್ಯ ತುಂಬುತ್ತಿದ್ದರು. "ಇದೇನ ಮಹಾ ಬೇಟಿ. ನಮ್ಮಲ್ಲಿ ನಿಖಾದಾಗ ಕೇಳ್ತಾರ ನೋಡು, ಕಬೂಲ್ ಅಂದ್ರ ಮುಗೀತು. ನೀನೂ ಎಲ್ಲಾಕ್ಕೂ ಕಬೂಲ್ ಅಂದುಬಿಡು."

"ಹಂಗಲ್ಲ ಚಾಚಾ, ಇವರು ಎಲುಬು, ಕೀಲು ಎಲ್ಲಾ ಕೇಳ್ತಾರ."

"ಕೇಳಲಿ. ನನ್ನ ಹೆಗಲಿನ ಹಾಲತ್ ಹೇಳು. ಹೊಲ್ಯೂದು ಬಿಟ್ರೂ ನೋವು ಬಿಡವಲ್ದು."

ಅಲ್ಲಿಗೆ ಸಂದರ್ಶನ ನಿಂತು ದವಾಖಾನೆ ಶುರುವಾಗುತ್ತಿತ್ತು. ಗಿರಾಕಿಗಳಲ್ಲಿ ಒಬ್ಬರು ಮೊಣಕಾಲು ತೋರಿಸಿದರೆ ಇನ್ನೊಬ್ಬರು ನಡು ತೋರಿಸುವರು. ನಾನಿನ್ನೂ ಕಾಲೇಜಿನ ಗೇಟೂ ನೋಡಿರಲಿಲ್ಲ. "ಎಣ್ಣಿ ತಿಕ್ಕಿದ್ರ ಹೋಗ್ತೈತೇನವಾ?" ಎಂದು ಕೇಳಿದವರಿಗೆಲ್ಲ ನನಗೆ ಗೊತ್ತಿಲ್ಲ ಎಂದೆ. ಡಾಕ್ಟರ್ ಆಗುವ ಮೊದಲೇ ಎಷ್ಟು ಸೊಕ್ಕು ನೋಡು ಎಂದು ಒಬ್ಬಾಕೆ ಮುಖ ತಿರುಗಿಸಿಕೊಂಡು ಬೇರೆ ಅಂಗಡಿಗೆ ಹೋದಳು.

ಮುತ್ಯಾ ಪಡಸಾಲೆಯ ಮಂಚದಿಂದ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. "ಆ ಬಾಲ್ಯದ ಕನಸು ಇನ್ನೊಮ್ಮಿ ಹೇಳು, ನಿದ್ದಿ ಛಲೋ ಬರ್ತೈತಿ," ಎನ್ನುತ್ತಿದ್ದ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದರಿಂದ ನಾನು ರೇಗುತ್ತಿದ್ದೆ. ಅವನಿಗೆ ಬೇಕಾಗಿದ್ದದ್ದೂ ಅದೇ.

ಸಂದರ್ಶನದ ದಿನ ಬೆಳಗ್ಗೆ ಚಾಚಾ ಹೊಲಿದುಕೊಟ್ಟ ಹೊಸ ಚೂಡಿದಾರ ಹಾಕಿಕೊಂಡೆ. ಕೈ ಮಾಡಿ ಹೇಳಲು ಅನುಕೂಲವಾಗಲೆಂದು ತೋಳು ಸಡಿಲ ಇಟ್ಟಿದ್ದರು. ಬಸ್ಸಿಗೆ ಇನ್ನೂ ಹೊತ್ತಿತ್ತು. ಎಂದಿನಂತೆ ಮುತ್ಯಾನ ಎಡಕ್ಕೆ ಕೂತು ಅವನ ಅಂಗೈ ಕೆಳಗೆ ಕೈ ಇಟ್ಟೆ. ಅವನು ಲಿಂಗವನ್ನು ಇಟ್ಟುಕೊಂಡು ಪತ್ರಿ ಏರಿಸಿ, ನೋಡುತ್ತ ಕೂತ. ಪೂಜೆಯ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಆದರೆ ಅಪ್ಪನಿಗೆ ಆ ದಿನ ನಿಯಮ ನಿಷ್ಠೆ ಏನೂ ನೆನಪಿರಲಿಲ್ಲ. ಅಂಗಡಿಯ ಬಾಗಿಲು ತೆಗೆಯುತ್ತಲೇ ಅಲ್ಲಿಂದ ಕೂಗಿದ.

"ಹೆಗಲಿನ ಕೀಲು ಯಾವ ನಮೂನಿದು?"

ನನ್ನ ಬಾಯಿ ನನ್ನನ್ನು ಕೇಳಲಿಲ್ಲ. "ಬಾಲ್ ಅಂಡ್ ಸಾಕೆಟ್," ಎಂದೆ. ಎಂದವಳು ಒಂದು ಕೈ ಮುಷ್ಟಿ ಮಾಡಿ, ಇನ್ನೊಂದು ಕೈಯನ್ನು ಬಟ್ಟಲಿನ ಹಾಗೆ ಬಗ್ಗಿಸಿ, ಒಂದರೊಳಗೊಂದು ಇಟ್ಟು ತಿರುಗಿಸಿಯೂ ತೋರಿಸಿದೆ. ಎರಡೂ ಕೈ. ತೋರಿಸಿ ಆದ ಮೇಲೆ ತಿರುಗಿ ನೋಡಿದೆ.

ಮುತ್ಯಾನ ಅಂಗೈ ಗಾಳಿಯಲ್ಲಿತ್ತು. ಕೆಳಗೆ ಏನೂ ಇರಲಿಲ್ಲ. ಬೆರಳು ಸಣ್ಣಗೆ ನಡುಗುತ್ತಿದ್ದವು, ಆದರೆ ಕೈ ಎದೆಯ ಮಟ್ಟದಿಂದ ಇಳಿದಿರಲಿಲ್ಲ. ಲಿಂಗ ಇಟ್ಟಲ್ಲೇ ಇತ್ತು, ಪತ್ರಿ ಕೂಡ ಜಾರಿರಲಿಲ್ಲ. ಮುತ್ಯಾ ದೃಷ್ಟಿ ಕದಲಿಸಿರಲಿಲ್ಲ. ನಾನು ಕೈಯನ್ನು ಮೆಲ್ಲಗೆ ಮತ್ತೆ ಅಂಗೈ ಕೆಳಗೆ ತಂದೆ. ಪೂಜೆ ಮುಗಿಯಿತು. ಅವ್ವ ಬಾಯಿಗೆ ಸಕ್ಕರೆ ಹಾಕಿ ಬಸ್ಸಿಗೆ ಅಟ್ಟಿದಳು.

ಬಸ್ಸು ಬಂಗ್ಲಾ ಕ್ರಾಸ್ ದಾಟಿ ಹೆದ್ದಾರಿಗೆ ಬಿದ್ದರೂ ನನಗೆ ಅದೇ ಧ್ಯಾನ. ಪಕ್ಕದಲ್ಲಿ ಅಪ್ಪ ಪ್ರಶ್ನೆ ಕೇಳುತ್ತಲೇ ಇದ್ದ, ನಾನು ಕಿಟಕಿಯಾಚೆ ಹಣ್ಣಾಗುತ್ತಿದ್ದ ಸೋಯಾ ಹೊಲ ನೋಡುತ್ತಿದ್ದೆ. ಖುಷಿಯಾಗಿತ್ತು, ಅದರ ಜೊತೆಗೇ ಸಿಟ್ಟೂ ಬಂದಿತ್ತು. ಆ ಕೈಗೆ ಬಲ ಬಂದಿದೆ. ಬಂದು ಎಷ್ಟು ದಿನವಾಯಿತೋ ಯಾರಿಗೆ ಗೊತ್ತು. ದಿನಾ ಕೆಳಗಿಂದ ಎತ್ತಿ ಹಿಡಿದರೆ ಗೊತ್ತಾಗುವುದಾದರೂ ಹೇಗೆ? ಮೇಡಂ ಹೇಳಿದ್ದನ್ನು ನಾವು ಕೇಳಿ ಕೇಳಿ ಕಿವಿಯಿಂದ ಉದುರಿಸಿಬಿಟ್ಟಿದ್ದೆವು. ದಾರಿಯಲ್ಲಿ ರಾಜೇಶ್ವರ ಸ್ಟಾಪು ಬರುವಷ್ಟರಲ್ಲಿ ನನ್ನ ಬಾಲ್ಯದ ಕನಸಿನ ಎರಡನೆಯ ಸಾಲು ಮರೆತುಹೋಗಿತ್ತು.

ಕಾಲೇಜಿನ ಪಡಸಾಲೆಯಲ್ಲಿ ಕುರ್ಚಿಗಳ ಸಾಲು ತುಂಬಿತ್ತು. ಎಲ್ಲರೂ ತುಟಿ ಅಲ್ಲಾಡಿಸುತ್ತ ಕೂತಿದ್ದರು. ನನ್ನ ಪಕ್ಕ ಚಿಟಗುಪ್ಪದ ಹುಡುಗಿಯೊಬ್ಬಳಿದ್ದಳು. ಕಿವಿಗೊಟ್ಟು ಕೇಳಿದರೆ ಅವಳದೂ ಜನಸೇವೆ, ಅವಳದೂ ಬಾಲ್ಯದ ಕನಸು.

"ನೀವೂ ಅದೇ ವಿಡಿಯೋ ನೋಡೀರೇನ್ರಿ?" ಎಂದೆ.

ಅವಳು ಗಾಬರಿಯಾಗಿ ನನ್ನ ಮುಖ ನೋಡಿದಳು. "ಎಲ್ಲರೂ ನೋಡ್ಯಾರೇನ್ರಿ?"

ಎದುರು ಸಾಲಿನ ಇಬ್ಬರು ತಲೆ ತಗ್ಗಿಸಿದರು. ನಮಗೆ ನಗು ತಡೆಯಲಾಗಲಿಲ್ಲ. ಬಾಗಿಲ ಬಳಿ ಇದ್ದ ಅಪ್ಪ, ಸಾಹೇಬರು ಕೇಳಿಸಿಕೊಂಡಾರು ಎಂದು ಕಣ್ಣು ಬಿಟ್ಟ.

ನನ್ನ ಸರದಿ ಬಂತು. ಒಳಗೆ ಹೋದಾಗ ನಮಸ್ಕಾರ ಹೇಗೆ ಮಾಡಬೇಕೆಂಬ ಬಗ್ಗೆ ಮನೆಯಲ್ಲಿ ಎರಡು ಪಕ್ಷಗಳಿದ್ದವು. ಅಪ್ಪನದು ಗುಡ್ ಮಾರ್ನಿಂಗ್, ಮುತ್ಯಾನದು ಶರಣು ಶರಣಾರ್ಥಿ. ನಾನು "ಗುಡ್ ಮಾರ್ನಿಂಗ್ ಶರಣ್ರಿ" ಎಂದುಬಿಟ್ಟೆ. ಮೇಜಿನಾಚೆ ಮೂವರಿದ್ದರು. ಎಡ ಬಲಕ್ಕೆ ಇಬ್ಬರು ಸರ್, ನಡುವೆ ಬೆಳ್ಳಿಗೂದಲಿನ ಒಬ್ಬ ಮೇಡಂ. ಮೇಡಂ ನಗಲಿಲ್ಲ, ಆದರೆ ಪೆನ್ನಿನಿಂದ ತುಟಿ ಮುಚ್ಚಿಕೊಂಡರು.

"ಫಿಜಿಯೋಥೆರಪಿ ಯಾಕೆ?" ಎಂದರು ಎಡಗಡೆಯ ಸರ್.

"ಜನಸೇವೆ ಮಾಡಬೇಕೆಂಬುದು..." ಎಂದು ಶುರುಮಾಡಿದೆ. ಎರಡೂ ಕೈ ಮೇಲೆದ್ದವು.

"ನಿಮ್ಮ ಬಾಲ್ಯದ ಕನಸು," ಎಂದು ಅವರೇ ಮುಗಿಸಿದರು. "ಬೆಳಗ್ಗಿಂದ ಎಲ್ಲರ ಬಾಲ್ಯವೂ ಒಂದೇ ಥರ ಇದೆ. ಸೇವೆ ಅಂದರೆ ಏನು ಮಾಡ್ತೀರಿ, ಅದನ್ನು ಹೇಳಿ."

ಎರಡನೆಯ ಸಾಲು ಬರಲೇ ಇಲ್ಲ. ಸೀಟು ಹೋಯಿತು ಅನಿಸಿತು, ಅನಿಸಿದ್ದೇ ತಡ ಬಸ್ಸಿನಿಂದ ಹೊತ್ತು ತಂದಿದ್ದ ಸಿಟ್ಟು ಬಾಯಿಗೆ ಬಂತು.

"ಸೇವೆ ಮಾಡಿ ಮಾಡಿ ನಮ್ಮ ಮುತ್ಯಾನ ಕೈಯನ್ನ ಸುಮ್ಮನ ಕುಂದರ್ಸಿಬಿಟ್ಟೇವ್ರಿ ನಾವು," ಎಂದೆ. ನಮ್ಮ ಮನೆಯ ಭಾಷೆಯೇ ಬಂತು, ಬರಲಿ ಎಂದು ಬಿಟ್ಟೆ. ಲಕ್ವಾ, ಲಿಂಗಪೂಜೆ, ಅಂಗೈ ಕೆಳಗಿನ ಅಂಗೈ, ಆ ಬೆಳಗ್ಗೆ ಅಪ್ಪ ಕೂಗಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಹೆಗಲಿನ ಕೀಲನ್ನು ಎರಡೂ ಕೈಯಿಂದ ತೋರಿಸಿದ ಜಾಗಕ್ಕೆ ಬಂದಾಗ ಮತ್ತೆ ತೋರಿಸಿದೆ.

ಮೇಡಂ ಪೆನ್ನು ಕೆಳಗಿಟ್ಟರು. "ಅಂದರೆ ಇಷ್ಟು ದಿನ ವ್ಯಾಯಾಮ ಆಗಿದ್ದು ಯಾರ ಕೈಗೆ?"

"ನನ್ನ ಕೈಗ್ರಿ."

"ಹಾಗಾದರೆ ನಾಳೆಯಿಂದ ಕೈ ತೆಗೆದುಬಿಡ್ತೀರಾ?"

ಅದು ಸುಲಭದ ಪ್ರಶ್ನೆಯಾಗಿರಲಿಲ್ಲ. ತೆಗೆಯುತ್ತೇನೆ ಎಂದರೆ, ನಾಳೆ ಆ ಕೈ ಸೋತರೆ? ನಾನು ಅಂಗಡಿ, ವಿಡಿಯೋ, ಅಪ್ಪ ಎಲ್ಲವನ್ನೂ ಬದಿಗಿಟ್ಟು ಆ ಪಡಸಾಲೆಯನ್ನೊಂದೇ ನೆನೆದೆ.

"ತಗಿಯೂದಿಲ್ರಿ. ಜರಾ ಕೆಳಗ ಇಡ್ತೀನಿ. ಮುಟ್ಟದ ಹಾಂಗ, ಆದ್ರ ಬಿದ್ರ ಹಿಡಿಯೂ ಹಾಂಗ. ದಿನಾ ಇನ್ನಷ್ಟು ಕೆಳಗ."

ಮೇಡಂ ಎದ್ದು ಮೇಜು ಸುತ್ತಿ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ನೀರು ತುಂಬಿದ ಸ್ಟೀಲಿನ ಲೋಟವನ್ನು ತಮ್ಮ ಎಡ ಅಂಗೈ ಮೇಲೆ ಇಟ್ಟುಕೊಂಡು ಎದೆಯ ಮಟ್ಟಕ್ಕೆ ಎತ್ತಿದರು. "ನಾನೇ ನಿಮ್ಮ ಮುತ್ಯಾ. ತೋರಿಸಿ."

ಅವರ ಅಂಗೈ ಕೆಳಗೆ ಬೆರಳಿನಷ್ಟು ಜಾಗ ಬಿಟ್ಟು ನನ್ನ ಅಂಗೈ ಚಾಚಿದೆ. ಸ್ವಲ್ಪ ಹೊತ್ತು ಕೈ ಗಟ್ಟಿಯಾಗಿತ್ತು. ಆಮೇಲೆ ಅವರು ಬೇಕೆಂತಲೇ ನಡುಗಿಸತೊಡಗಿದರು. ಲೋಟದ ನೀರು ಅಂಚಿಗೆ ಬಂತು. ಎದುರಿಗೆ ಹಿರಿಯರೊಬ್ಬರ ಕೈ ನಡುಗುತ್ತಿದೆ, ನಾನು ಸುಮ್ಮನೆ ನೋಡುತ್ತಿದ್ದೇನೆ. ನನ್ನ ಮೈಯಲ್ಲಿರುವ ಅವ್ವ, ಅಪ್ಪ, ಇಡೀ ಓಣಿ ಎತ್ತು ಎತ್ತು ಅನ್ನುತ್ತಿತ್ತು. ನಾನು ಜೀವಮಾನದಲ್ಲಿ ಮಾಡಿದ ಅತ್ಯಂತ ಕಷ್ಟದ ಕೆಲಸವೆಂದರೆ ಆ ಹೊತ್ತು ಕೈ ಎತ್ತದೆ ಇದ್ದದ್ದು.

"ಯಾಕೆ ಎತ್ತಲಿಲ್ಲ?" ಎಂದರು ಮೇಡಂ.

"ಇನ್ನೂ ಬಿದ್ದಿಲ್ಲಲ್ರಿ."

ಬಲಗಡೆಯ ಸರ್ ಏನೋ ಬರೆದುಕೊಂಡರು. ಮೇಡಂ ಆ ಲೋಟದ ನೀರನ್ನು ಕುಡಿಯಲು ನನಗೇ ಕೊಟ್ಟು, ಹೋಗಬಹುದು ಎಂದರು. ಹೊರಗೆ ಅಪ್ಪ ಏನೇನು ಕೇಳಿದರೆಂದು ಬಸ್ ಸ್ಟ್ಯಾಂಡಿನವರೆಗೂ ಪೀಡಿಸಿದ. "ಎಲುಬು ಕೇಳಲಿಲ್ಲೇನು? ಕೀಲು? ಮತ್ತ ಇಷ್ಟೊತ್ತು ಏನ ಮಾಡಿದಿ?" ನೀರು ಕುಡಿದೆ ಎಂದೆ. ಅವನ ಮುಖ ಬಾಡಿತು.

ಮರುದಿನದಿಂದ ಮುತ್ಯಾನ ಅಂಗೈ ಕೆಳಗೆ ಜಾಗ ಬಿಟ್ಟು ಕೂತೆ. ಅವನ ಕೈ ನಡುಗುತ್ತಿತ್ತು. ನಾನು ಎತ್ತುತ್ತಿರಲಿಲ್ಲ. ಅವ್ವ ಒಮ್ಮೆ ಬಾಗಿಲಿನಿಂದ ನೋಡಿ, ಹಿಟ್ಟಿನ ಕೈಯಲ್ಲೇ ಓಡಿಬರಲು ಹೊರಟಳು, ಕಣ್ಣಿನಿಂದಲೇ ತಡೆದೆ. ದಿನ ದಿನಕ್ಕೂ ಜಾಗ ಹೆಚ್ಚಿತು. ಬೆರಳಿನಷ್ಟಿದ್ದದ್ದು ಅಂಗೈಯಷ್ಟಾಯಿತು, ಅಂಗೈಯಷ್ಟಿದ್ದದ್ದು ಗೇಣಾಯಿತು. ಕಾಲೇಜಿನಿಂದ ಮಾತ್ರ ಸುದ್ದಿಯಿರಲಿಲ್ಲ. ಅಪ್ಪ ಊರಿನ ಕಾಲೇಜಿಗೆ ಹೋಗಿ ಬಿ.ಎ.ಗೆ ಏನೇನು ಬೇಕೆಂದು ವಿಚಾರಿಸಿಕೊಂಡು ಬಂದಿದ್ದ, ನನಗೆ ಹೇಳಿರಲಿಲ್ಲ ಅಷ್ಟೇ.

ಒಂದು ಬೆಳಗ್ಗೆ ಪೂಜೆ ನಡೆದಿರುವಾಗಲೇ ಅಂಗಡಿಯಿಂದ ಅಪ್ಪನ ಕೂಗು ಬಂತು. "ಸಿಕ್ತು! ಸೀಟು ಸಿಕ್ತು, ಮೆಸೇಜ್ ಬಂದೈತಿ!"

ಈ ಸಲ ನಾನು ಅಲ್ಲಾಡಲಿಲ್ಲ. ಕೈ ಎಲ್ಲಿತ್ತೋ ಅಲ್ಲೇ ಇತ್ತು. ಕಣ್ಣು ಮಾತ್ರ ತುಂಬಿಕೊಂಡವು. ಮುತ್ಯಾ ಪೂಜೆ ಮುಗಿಸಿ, ಲಿಂಗವನ್ನು ಕರಡಿಗೆಗೆ ಸೇರಿಸಿ, ವಿಭೂತಿಯ ಬೆರಳನ್ನು ನನ್ನ ಹಣೆಗೆ ಹಚ್ಚಿದ. ಹೊರಗೆ ಚಾಚಾ ಪೇಡಾ ತರಿಸಲು ಯಾರನ್ನೋ ಕಳಿಸುತ್ತಿದ್ದದ್ದು ಕೇಳಿಸಿತು.

ನನಗೆ ಆಗ ಹೊಳೆಯಿತು. "ಮುತ್ಯಾ, ನಾ ಮುಂಜಾನಿ ಬಸ್ಸಿಗೆ ಹೋದ್ರ ನಿನ್ನ ಬಾಜೂಕ ಯಾರು ಕುಂದರ್ತಾರ? ಗೇಣು ಜಾಗ ಇದ್ರೂ ಕೆಳಗ ಒಂದು ಕೈ ಬೇಕಲ್ಲ."

ಮುತ್ಯಾ ಎಡಗೈಯನ್ನು ತಾನೇ ಎತ್ತಿ, ಎದೆಯ ಮಟ್ಟಕ್ಕೆ ತಂದು ಹಿಡಿದ. ಒಂದಿಷ್ಟೂ ನಡುಗಲಿಲ್ಲ. ಹಿಡಿದುಕೊಂಡೇ ನನ್ನ ಮುಖ ನೋಡಿದ.

"ಪಂಚಮಿ ಆದಾಗಿಂದ ಇದು ಹಿಂಗ ನಿಂದರ್ತೈತಿ."

"ಮತ್ತ ಇಷ್ಟ ದಿನ ನಡುಗತಿತ್ತಲ್ಲ?"

"ಅರ್ಧ ಖರೇ, ಅರ್ಧ ನಾಟಕ."

ನಾಗರಪಂಚಮಿ ಹೋಗಿ ತಿಂಗಳುಗಳಾಗಿದ್ದವು. ನನಗೆ ಸಿಟ್ಟು ಬಂದೇಬಂತು. ಆ ಮೂವರ ಎದುರಿಗೆ ಇವನ ಕೈಗಾಗಿ ಎಷ್ಟು ಮರುಗಿದ್ದೆ. "ಮೊದಲ ಯಾಕ ಹೇಳಲಿಲ್ಲ?" ಎಂದು ಜೋರಾಗಿಯೇ ಕೇಳಿದೆ.

ಮುತ್ಯಾ ಕೈ ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡ. "ಹೇಳಿದ್ರ ನೀ ದಿನಾ ಮುಂಜಾನಿ ಬಂದು ನನ್ನ ಬಾಜೂಕ ಕುಂದರ್ತಿದ್ದೇನು?"

ಅಂಗಡಿಯಲ್ಲಿ ಅಪ್ಪ ಗಿರಾಕಿಗಳಿಗೆ ಮೆಸೇಜನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದ, ನಾನು ಮುತ್ಯಾನ ಪಕ್ಕದಲ್ಲಿ ಕೂತೇ ಇದ್ದೆ.

ಈಗ ನಾನು ಕಾಲೇಜಿನ ಮೂರನೆಯ ವರ್ಷದಲ್ಲಿದ್ದೇನೆ. ಮುತ್ಯಾನ ಪೂಜೆ ಮೊದಲಿಗಿಂತ ಬೇಗ ಆಗುತ್ತದೆ, ನನ್ನ ಬಸ್ಸಿಗೆ ಹೊಂದಿಸಿಕೊಂಡು ಅವನೇ ಬದಲಿಸಿಕೊಂಡಿದ್ದಾನೆ. ಕತ್ತಲು ಹರಿಯುವ ಮೊದಲೇ ಸ್ನಾನ ಮುಗಿಸಿ, ನನ್ನನ್ನು ಬೈದು ಎಬ್ಬಿಸುತ್ತಾನೆ. ನಾನು ಸ್ನಾನ ಮಾಡಿ ಬಂದು ಅವನ ಎಡಕ್ಕೆ ಕೂರುತ್ತೇನೆ. ಅವನ ಕೈ ಎದೆಯ ಮಟ್ಟದಲ್ಲಿ, ನನ್ನ ಎರಡೂ ಕೈ ನನ್ನ ತೊಡೆಯ ಮೇಲೆ.